ಛಾಯಾಚಿತ್ರದ ಹುಚ್ಚು

ಮನೆಯಲ್ಲಿ ಒಬ್ಬನಿಗೆ ಹವ್ಯಾಸವೊಂದು ಅಂಟಿಕೊಂಡರೆ ಅದರ ಭಾರವನ್ನು ಹೊರತಕ್ಕವರು ಮನೆಯ ಉಳಿದ ಮಂದಿ. ಸಂಗೀತದ ಹವ್ಯಾಸವಾದರೆ ನೆರೆಹೊರೆಯವರೂ ಒಂದಿಷ್ಟು ಹೊರುತ್ತಾರೆ. ಇಸ್ಪೀಟಿನದಾದರೆ ಸಾಲ ಕೊಟ್ಟವರು ಹೊರುತ್ತಾರೆ. ಛಾಯಾಚಿತ್ರದ ಹುಚ್ಚು ಮಾತ್ರ ಸಂಪೂರ್ಣವಾಗಿ ಗೃಹಕೃತ್ಯಕ್ಕೆ ಸೇರಿದ ಉಪದ್ರವ. ಅದಕ್ಕೆ ಬಚ್ಚಲುಮನೆ ಬೇಕು, ಬಾವಿಯ ನೀರು ಬೇಕು, ಅಡಿಗೆಮನೆಯ ಡಬ್ಬಿಗಳು ಬೇಕು, ಬೆಳಗಿನ ಜಾವದ ನಿದ್ರೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಿಂಗಳ ಮೊದಲನೆಯ ವಾರದಲ್ಲಿ ಸಂಬಳದ ಒಂದು ಪಾಲು ಬೇಕು. ನಾನು ಈ ಹುಚ್ಚನ್ನು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಸಾಕಿಕೊಂಡು ಬಂದಿದ್ದೇನೆ. ಅದನ್ನು ಸಹಿಸಿಕೊಂಡು ಬಂದವಳು ನನ್ನ ಪತ್ನಿ. ಆದಕಾರಣ ಈ ಬರಹದಲ್ಲಿ ಕಾಣುವ ವಿವೇಕದ ಮಾತುಗಳಲ್ಲಿ ಬಹುಪಾಲು ಆಕೆಯವೆಂದು ವಾಚಕರು ತಿಳಿಯಬೇಕು.

ನಮ್ಮದು ಹೊಳೆಹೊನ್ನೂರು. ಶಿವಮೊಗ್ಗೆಗೂ ಭದ್ರಾವತಿಗೂ ಹೆಚ್ಚು ದೂರವಲ್ಲದ, ಭದ್ರಾನದಿಯ ದಡದ ಊರು. ಶ್ರೀ ಸತ್ಯಧರ್ಮತೀರ್ಥರ ವೃಂದಾವನವಿರುವುದರಿಂದ ದೂರದ ಯಾತ್ರಿಕರಿಗೂ ಇದು ಪರಿಚಿತ. 1976ರಲ್ಲಿ ಉಪಾಧ್ಯಾಯನಾಗಿ ಇಲ್ಲಿಗೆ ಬಂದ ನಾನು 2012ರಲ್ಲಿ ನಿವೃತ್ತನಾದ ಮೇಲೂ ಇಲ್ಲಿಯೇ ಉಳಿದೆ. ಈ ಸೀಮೆ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲೂ ಅಲ್ಲ. ಬೇಸಗೆಯಲ್ಲಿ ಬಯಲಿನ ಸೆಕೆ, ಮಳೆಗಾಲದಲ್ಲಿ ಮಲೆನಾಡಿನ ತೇವ. ಮನುಷ್ಯರಿಗೆ ಇದು ಹಿತವಾದ ಬೆರಕೆಯೇ ಸರಿ. ಫಿಲ್ಮಿಗೆ ಮಾತ್ರ ಎರಡೂ ಶತ್ರುಗಳು.

ನನ್ನ ಮೊದಲ ಯಂತ್ರ ಸೋದರಮಾವ ಕೊಟ್ಟದ್ದು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದರು. 1969ರ ದೀಪಾವಳಿಗೆ ಬಂದಾಗ ಆಗ್‌ಫಾ ಕಂಪೆನಿಯ ‘ಕ್ಲಿಕ್ ಥ್ರೀ’ ಎಂಬ ಪೆಟ್ಟಿಗೆಯಂಥ ಕ್ಯಾಮರಾ ಒಂದನ್ನು ನನ್ನ ಕೈಯಲ್ಲಿಟ್ಟರು. ಬರೋಡೆಯಲ್ಲಿ ತಯಾರಾಗುತ್ತಿದ್ದ ಆ ಯಂತ್ರ ಒಂದು ಕಾಲಕ್ಕೆ ನಮ್ಮ ದೇಶದ ಎಷ್ಟೋ ಮನೆಗಳಿಗೆ ಛಾಯಾಗ್ರಹಣದ ಓನಾಮ ಕಲಿಸಿತು. ಅದರಲ್ಲಿ ತಿರುಗಿಸಿ ಹೊಂದಿಸತಕ್ಕ ಭಾಗಗಳು ಬಹಳ ಕಡಿಮೆ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಹಳದಿ ಗಾಜಿಗೊಂದು ಗುರುತು, ಅಷ್ಟೆ. ಹತ್ತು ಅಡಿಗಿಂತ ಹತ್ತಿರ ಹೋದರೆ ಚಿತ್ರ ಮಸಕು. ಒಂದು ಸುರುಳಿಗೆ ಹನ್ನೆರಡು ಚಿತ್ರ, ಒಂದೊಂದೂ ಆರು ಸೆಂಟಿಮೀಟರು ಚೌಕ. ಫಿಲ್ಮು ಉದಕಮಂಡಲದ್ದು. 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಎಂಬ ಹೆಸರಿನಲ್ಲಿ ಅದನ್ನು ಮಾರುತ್ತಿತ್ತು. ಈಗ ಆ ಕಾರ್ಖಾನೆ ಮುಚ್ಚಿಹೋಗಿದೆ. ತಿಂಗಳಿಗೆ ಒಂದು ಸುರುಳಿಯೆಂದರೆ ವಾರಕ್ಕೆ ಮೂರೇ ಚಿತ್ರ. ಮೂರೇ ಎಂದಾಗ ಮನುಷ್ಯನಿಗೆ ನೋಡುವುದು ಬರುತ್ತದೆ. ಒಂದು ಮರವನ್ನು ಸುತ್ತಿ ಬಂದು, ಬಿಸಿಲು ಎತ್ತ ಬೀಳುತ್ತಿದೆಯೆಂದು ನಿಂತು ನೋಡಿ, ಕಡೆಗೆ ಗುಂಡಿಯನ್ನು ಒತ್ತದೆಯೇ ಮನೆಗೆ ಬಂದ ದಿನಗಳು ಎಷ್ಟೋ. ಇಂದು ಒಂದೇ ಮದುವೆಯಲ್ಲಿ ಎರಡು ಸಾವಿರ ಚಿತ್ರ ತೆಗೆಯುವ ಹುಡುಗರಿಗೆ ಇದು ಜಿಪುಣತನವಾಗಿ ತೋರೀತು.

1981ರಲ್ಲಿ ಶಿವಮೊಗ್ಗೆಯ ಸ್ಟುಡಿಯೋ ಒಂದರಲ್ಲಿ ಪೆಂಟಾಕ್ಸ್ ಕೆ-1000 ಎಂಬ ಜಪಾನೀ ಯಂತ್ರ ಎರಡನೆಯ ಕೈಗೆ ಮಾರಾಟಕ್ಕಿತ್ತು. ಅದರಲ್ಲಿ ಎಲ್ಲವೂ ಹಲ್ಲುಗಾಲಿ, ಸ್ಪ್ರಿಂಗುಗಳ ಕೆಲಸ. ಬೆಳಕು ಅಳೆಯುವ ಮುಳ್ಳಿಗೆ ಮಾತ್ರ ಒಂದು ಪುಟ್ಟ ಬ್ಯಾಟರಿ. ಅದು ಸತ್ತರೂ ಯಂತ್ರ ನಿಲ್ಲುವುದಿಲ್ಲ. ಆ ವರ್ಷ ಮನೆಗೆ ಒಂದು ಕಬ್ಬಿಣದ ಬೀರು ಕೊಳ್ಳಬೇಕೆಂದು ಹಣ ಕೂಡಿಟ್ಟಿದ್ದೆವು. ನಾನು ವಿಷಯವನ್ನು ಅಳುಕುತ್ತ ಪ್ರಸ್ತಾಪಿಸಿದೆ. “ಬೀರು ಇಲ್ಲದಿದ್ದರೆ ಸೀರೆಗಳು ಟ್ರಂಕಿನಲ್ಲಿ ಇರುತ್ತವೆ. ನಿಮ್ಮ ಹುಚ್ಚನ್ನು ಯಾವ ಟ್ರಂಕಿನಲ್ಲಿ ಇಡೋಣ? ತಂದುಬಿಡಿ” ಎಂದಳು ಪತ್ನಿ. ಬೀರು ಬಂದದ್ದು ಐದು ವರ್ಷದ ಮೇಲೆ. ಬಂದದ್ದೇ ಅದರ ಕೆಳಗಿನ ಎರಡು ಅಂತಸ್ತು ನೆಗೆಟಿವುಗಳ ಪಾಲಾಯಿತು.

ಬೆಳಕಿನ ಲೆಕ್ಕವನ್ನು ಶಾಲೆಯ ಹುಡುಗರಿಗೆ ನಾನು ನಲ್ಲಿಯ ಉದಾಹರಣೆಯಿಂದ ಹೇಳಿಕೊಡುತ್ತಿದ್ದೆ. ಕೊಡ ತುಂಬಬೇಕು. ನಲ್ಲಿಯನ್ನು ದೊಡ್ಡದಾಗಿ ಬಿಟ್ಟರೆ ಬೇಗ ತುಂಬುತ್ತದೆ, ಸಣ್ಣದಾಗಿ ಬಿಟ್ಟರೆ ಹೊತ್ತು ಹಿಡಿಯುತ್ತದೆ. ಮಸೂರದ ಕಿಂಡಿ ನಲ್ಲಿ. ಪರದೆ ತೆರೆದಿರುವ ಹೊತ್ತು ನಾವು ಕಾಯುವ ಹೊತ್ತು. ಫಿಲ್ಮಿನ ಸೂಕ್ಷ್ಮತೆ ಕೊಡದ ಗಾತ್ರ. ನೂರರ ಫಿಲ್ಮಾದರೆ ಚೊಕ್ಕ ಬಿಸಿಲಿನಲ್ಲಿ ಕಿಂಡಿ ಹದಿನಾರು, ಹೊತ್ತು ಸೆಕೆಂಡಿನ ನೂರಿಪ್ಪತ್ತೈದನೆಯ ಒಂದು ಪಾಲು. ತೆಳುಮೋಡ ಬಂದರೆ ಕಿಂಡಿ ಹನ್ನೊಂದು, ದಟ್ಟಮೋಡಕ್ಕೆ ಎಂಟೋ ಐದೂವರೆಯೋ. ಆಷಾಢದ ನಮ್ಮ ಆಕಾಶಕ್ಕೆ ನಾಲ್ಕು ಕೂಡ ಸಾಲದು. ಈ ನಾಲ್ಕು ಅಂಕೆಗಳನ್ನು ಕಂಠಪಾಠ ಮಾಡಿದವನಿಗೆ ಅಳೆಯುವ ಮುಳ್ಳಿನ ಹಂಗಿಲ್ಲ.

ತೊಳೆಯುವುದಕ್ಕೆ ಹೊರಗೆ ಕೊಡುವುದನ್ನು ನಾನು ಬಲುಬೇಗ ಬಿಟ್ಟೆ. ಒಂದು ಅಂಗಡಿಯಲ್ಲಿ ನನ್ನ ಇಡೀ ಸುರುಳಿಯ ಮೇಲೆ ಬೆರಳ ಗುರುತು ಮೂಡಿಬಂದ ದಿನ, ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿದೆ. ಫಿಲ್ಮನ್ನು ಡಬ್ಬಿಗೆ ಸುತ್ತುವಾಗ ಕೆಂಪು ದೀಪವೂ ಕೂಡದು. ಕಣ್ಣು ಮುಚ್ಚಿಕೊಂಡು ಹೂ ಕಟ್ಟುವವರ ಬೆರಳು ಬೇಕು. ಡೆವಲಪರಿನ ದ್ರಾವಣಕ್ಕೆ ಇಪ್ಪತ್ತು ಡಿಗ್ರಿಯ ಉಷ್ಣತೆ ಇರಬೇಕೆಂದು ಪೊಟ್ಟಣದ ಮೇಲೆ ಅಚ್ಚು ಮಾಡಿದ್ದರು. ಅದನ್ನು ಬರೆದ ಮಹಾಶಯರು ಚೈತ್ರಮಾಸದಲ್ಲಿ ಭದ್ರಾವತಿ ತಾಲ್ಲೂಕಿಗೆ ಬಂದವರಲ್ಲವೆಂಬುದು ಸ್ಪಷ್ಟ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು, ರಾತ್ರಿಯೆಲ್ಲ ಮಣ್ಣಿನ ಹೂಜಿಯಲ್ಲಿ ತಣಿದ ನೀರಿನ ನಡುವೆ ದ್ರಾವಣದ ಲೋಟವನ್ನು ಇಳಿಸಿಟ್ಟರೆ ಇಪ್ಪತ್ತಮೂರಕ್ಕೋ ನಾಲ್ಕಕ್ಕೋ ಬರುತ್ತಿತ್ತು. ಉಷ್ಣತೆ ಹೆಚ್ಚಿದಷ್ಟಕ್ಕೆ ನಿಮಿಷಗಳನ್ನು ಕಡಮೆ ಮಾಡಿಕೊಳ್ಳುತ್ತಿದ್ದೆ. ಅನಂತರ ಹೈಪೋ. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆದು ಚಿತ್ರವನ್ನು ನಿಲ್ಲಿಸುವ ಈ ಉಪಾಯವನ್ನು ತೋರಿಸಿಕೊಟ್ಟವನು ಜಾನ್ ಹರ್ಷೆಲ್ ಎಂಬ ಖಗೋಳಜ್ಞ. ಅದು ನಡೆದದ್ದು 1839ರಲ್ಲಿ, ಛಾಯಾಚಿತ್ರವೆಂಬುದು ಲೋಕಕ್ಕೆ ಪ್ರಕಟವಾದ ವರ್ಷದಲ್ಲಿಯೇ. ಹೈಪೋ ಪೂರ್ತಿ ಹೋಗುವಂತೆ ನೀರಿನಲ್ಲಿ ತೊಳೆಯುವುದೇ ಕಡೆಯ ಮತ್ತು ದೊಡ್ಡ ಕೆಲಸ. ಅದು ಉಳಿದರೆ ಚಿತ್ರ ವರ್ಷಗಳ ಮೇಲೆ ಹಳದಿಗೆ ತಿರುಗುತ್ತದೆ. ಮಳೆಗಾಲದಲ್ಲಿ ಬಾವಿಯ ನೀರೂ ಕದಡಿರುವುದರಿಂದ ಹಳೆಯ ಮಲ್ಲಿನ ಪಂಚೆಯಲ್ಲಿ ನಾಲ್ಕು ಮಡಿಕೆ ಮಾಡಿ ಸೋಸುತ್ತಿದ್ದೆವು. ‘ತ್ತಿದ್ದೆವು’ ಎಂದೆ, ಸೋಸುತ್ತಿದ್ದವಳು ಯಾರೆಂದು ವಾಚಕರು ಊಹಿಸಬಲ್ಲರು.

ಇನ್ನು ಬೂಷ್ಟು. ಇದನ್ನು ಕುರಿತು ಒಂದು ಪುರಾಣವನ್ನೇ ಬರೆಯಬಹುದು. ಫಿಲ್ಮಿನ ಮೇಲಿನ ಲೇಪ ಜೆಲಟಿನ್ನಿನದು. ಜೆಲಟಿನ್ನೆಂದರೆ ಬೂಷ್ಟಿಗೆ ಹಬ್ಬದೂಟ. ಜ್ಯೇಷ್ಠದಿಂದ ಭಾದ್ರಪದದವರೆಗೆ ಗಾಳಿಯಲ್ಲಿಯೇ ನೀರಿರುವ ನಮ್ಮ ಕಡೆ ಅದು ಮಸೂರದ ಗಾಜನ್ನೂ ಬಿಡುವುದಿಲ್ಲ. ಜೇಡರಬಲೆಯಂತೆ ಎಳೆ ಬಿಟ್ಟು ಹಬ್ಬುತ್ತದೆ. ಕ್ಯಾಮರಾದೊಂದಿಗೆ ಬರುವ ಚರ್ಮದ ಚೀಲ ಅಂಗಡಿಯಲ್ಲಿ ಭೂಷಣವಾಗಿ ತೋರಿದರೂ ಮಳೆಗಾಲದಲ್ಲಿ ತೇವವನ್ನು ಹಿಡಿದಿಟ್ಟುಕೊಂಡು ಯಂತ್ರವನ್ನು ಕೆಡಿಸುತ್ತದೆ. ಅದನ್ನು ತೆಗೆದುಹಾಕಿ, ಬಿಗಿಯಾದ ಮುಚ್ಚಳದ ಸ್ಟೀಲಿನ ಡಬ್ಬಿಯಲ್ಲಿ ಸಿಲಿಕಾ ಹರಳಿನ ಚೀಲದೊಡನೆ ಯಂತ್ರವನ್ನು ಇಡುವುದು ಲೇಸು. ನೀಲಿಯ ಹರಳು ತೇವ ಕುಡಿದು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಮಂದ ಉರಿಯ ಮೇಲೆ ಬಿಸಿ ಮಾಡಿದರಾಯಿತು, ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಆಮೇಲೆ ಅಡಿಗೆಗೆ ಬಳಸಕೂಡದು. ನಮ್ಮ ಮನೆಯಲ್ಲಿ ಅದಕ್ಕೆ ‘ಫೋಟೋ ಬಾಣಲೆ’ ಎಂದೇ ಹೆಸರು.

ತಿರುಗಾಟಗಳಲ್ಲಿ ನನಗೆ ಬಹಳ ಕಲಿಸಿದ್ದು ಕೂಡಲಿ. ಹೊಳೆಹೊನ್ನೂರಿನಿಂದ ಸೈಕಲ್ಲಿನ ದಾರಿ. ವರಾಹಪರ್ವತದ ಗಂಗಾಮೂಲದಲ್ಲಿ ಒಟ್ಟಿಗೇ ಹುಟ್ಟಿ, ಬೇರೆಬೇರೆ ದಾರಿಯಲ್ಲಿ ಅಲೆದ ತುಂಗೆ ಮತ್ತು ಭದ್ರೆ ಇಲ್ಲಿ ಕೂಡಿ ತುಂಗಭದ್ರೆಯಾಗುತ್ತವೆ. ಸಂಗಮದ ನಡುವೆ ಒಂದು ಪುಟ್ಟ ಗುಡಿ. ದಡದ ಮೇಲೆ ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ. ಅದರ ಶಿಖರದ ಮುಂದೆ ಸಳನು ಸಿಂಹವನ್ನು ಇರಿಯುತ್ತಿರುವ ವಿಗ್ರಹವನ್ನು ನೋಡಬೇಕಾದರೆ ಬೆಳಗಿನ ಬಿಸಿಲಿಗೇ ಹೋಗಬೇಕು. ಜುಲೈ ತಿಂಗಳಲ್ಲಿ ಸಂಗಮದಲ್ಲಿ ಒಂದು ವಿಶೇಷವನ್ನು ಕಾಣಬಹುದು. ಗಾಜನೂರಿನ ಅಣೆಕಟ್ಟು ಚಿಕ್ಕದಾದ್ದರಿಂದ ತುಂಗೆ ಮುಂಗಾರಿನ ಆರಂಭದಲ್ಲಿಯೇ ತುಂಬಿ ಕೆಂಪಾಗಿ ಬರುತ್ತಾಳೆ. ಭದ್ರೆಯನ್ನು ಲಕ್ಕವಳ್ಳಿಯ ದೊಡ್ಡ ಅಣೆಕಟ್ಟು ಹಿಡಿದಿಟ್ಟುಕೊಂಡಿರುವುದರಿಂದ ಆಕೆಯ ನೀರು ಇನ್ನೂ ಹಸುರು ಛಾಯೆಯಲ್ಲಿ, ಇಳಿದೇ ಇರುತ್ತದೆ. ಎರಡು ಬಣ್ಣಗಳು ಕೂಡಿಯೂ ಕೂಡದೆ ಒಂದಷ್ಟು ದೂರ ಜೊತೆಯಾಗಿ ಹರಿಯುವುದು ಕಣ್ಣಿಗೆ ಹಬ್ಬ. ಆದರೆ ಕಪ್ಪುಬಿಳುಪಿನ ಫಿಲ್ಮಿನಲ್ಲಿ ಕೆಂಪು ನೀರೂ ಹಸುರು ನೀರೂ ಒಂದೇ ಬೂದಿಬಣ್ಣ! ಮಸೂರದ ಮುಂದೆ ಕಿತ್ತಳೆ ಬಣ್ಣದ ಗಾಜನ್ನು ಸಿಕ್ಕಿಸಿದರೆ ಅದು ಕೆಂಪನ್ನು ಒಳಗೆ ಬಿಟ್ಟು ಹಸುರನ್ನು ತಡೆಯುತ್ತದೆ. ಆಗ ತುಂಗೆ ಬೆಳ್ಳಗೆ, ಭದ್ರೆ ಕಪ್ಪಗೆ ಮೂಡುತ್ತಾಳೆ. ಬೆಳಕು ನಾಲ್ಕು ಪಾಲಿನಲ್ಲಿ ಒಂದು ಪಾಲಾಗಿ ಉಳಿಯುವುದರಿಂದ ಮುಕ್ಕಾಲಿ ಬೇಕೇಬೇಕು. 1982ರ ಜುಲೈಯಲ್ಲಿ ಕೊಡೆ ಹಿಡಿಯಲು ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿ ತೆಗೆದ ಆ ಒಂದು ಚಿತ್ರ ನಮ್ಮ ನಡುಮನೆಯಲ್ಲಿ ಈಗಲೂ ಇದೆ.

ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ ಮತ್ತೊಂದು ಪಾಠಶಾಲೆ. ಮೂರು ಗರ್ಭಗೃಹಗಳ ಹೊಯ್ಸಳ ಗುಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಗವಿಯ ಕತ್ತಲೆ. ಅಪ್ಪಣೆ ಪಡೆದು ಮುಕ್ಕಾಲಿ ಹೂಡಿ, ಬಿಸಿಲು ಬೀಳುವ ಬಾಗಿಲ ಬಳಿ ಒಬ್ಬ ಶಿಷ್ಯನ ಕೈಯಲ್ಲಿ ಬಿಳಿಯ ಪಂಚೆಯನ್ನು ಹರಡಿ ಹಿಡಿಸಿದರೆ, ಆ ಬೆಳಕು ಮೆಲ್ಲಗೆ ಒಳಗೆ ನಡೆದು ಕಂಬಗಳ ನಯವಾದ ಮೈಮೇಲೆ ಜಾರುತ್ತದೆ. ವಿದ್ಯುದ್ದೀಪದ ಹೊಡೆತಕ್ಕೆ ಸಿಕ್ಕಿ ಚಪ್ಪಟೆಯಾಗುವ ಶಿಲ್ಪ ಪಂಚೆಯ ಬೆಳಕಿನಲ್ಲಿ ಉಬ್ಬಿ ನಿಲ್ಲುತ್ತದೆ. ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆ ತೆರೆದಾಗ ಫಿಲ್ಮು ಸೋಮಾರಿಯಾಗುತ್ತದೆ. ಲೆಕ್ಕಕ್ಕೆ ಎಂಟು ಸೆಕೆಂಡು ಬಂದರೆ ನಾನು ಹದಿನಾರು ಎಣಿಸುತ್ತಿದ್ದೆ.

ಮಂಡಗದ್ದೆಯ ಹಕ್ಕಿಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ತೀರ್ಥಹಳ್ಳಿಯ ದಾರಿಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಸಾವಿರಗಟ್ಟಲೆ ಗೂಡುಕಟ್ಟುತ್ತವೆ. ಕಡುಹಸುರಿನ ಎದುರಿಗೆ ಬೆಳ್ಳಗಿನ ಹಕ್ಕಿ. ಯಂತ್ರ ಎಲೆಯನ್ನು ನೋಡಿ ಬೆಳಕು ಸಾಲದೆನ್ನುತ್ತದೆ, ಅದರ ಮಾತು ಕೇಳಿದರೆ ಹಕ್ಕಿ ಸುಣ್ಣದ ಉಂಡೆ. ಹಕ್ಕಿಗಳ ಛಾಯಾಗ್ರಹಣ ಶ್ರೀಮಂತರ ವಿದ್ಯೆಯೆಂದು ನನ್ನ ಅಭಿಪ್ರಾಯ. ಮಸೂರಕ್ಕೆ ಹಣ ಬೇಕು, ಇಲ್ಲವೆ ಮುನಿಗಳ ತಾಳ್ಮೆ ಬೇಕು. ಕರ್ನಾಟಕದಲ್ಲಿ ಈ ತಾಳ್ಮೆಯವರಿಗೆ ಕೊರತೆಯಿಲ್ಲ. ಇ. ಹನುಮಂತರಾಯರು, ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆಯವರು ಕಾಡುಪ್ರಾಣಿಗಳ ಚಿತ್ರಗಳಿಂದ ಹೊರದೇಶಗಳಲ್ಲಿಯೂ ಹೆಸರು ಪಡೆದರು. ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕುಳಿತದ್ದನ್ನು ಅವರ ವಾಚಕರೆಲ್ಲ ಬಲ್ಲರು. ನನಗೆ ಅಷ್ಟು ತಾಳ್ಮೆಯಿರಲಿಲ್ಲ. ನನ್ನ ಕಣ್ಣು ಮರಮರಳಿ ಹೊರಳುತ್ತಿದ್ದುದು ಮನುಷ್ಯರ ಕಡೆಗೆ.

ಸೋದರಮಾವನಿಗಾಗಿ ಕಾಯುತ್ತ ಕಾರ್ಖಾನೆಯ ಹೆಬ್ಬಾಗಿಲ ಹೊರಗೆ ನಿಂತಾಗ ಈ ರುಚಿ ಹತ್ತಿತೆಂದು ತೋರುತ್ತದೆ. 1923ರಲ್ಲಿ ಕಬ್ಬಿಣ ಇಳಿಸಲಾರಂಭಿಸಿದ ಆ ಕಾರ್ಖಾನೆಯೂ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ತುಂಬಿ ನಡೆಯುತ್ತಿದ್ದ ಕಾಲ. ಪಾಳಿ ಬಿಟ್ಟ ಕೂಗು ಕೇಳಿದೊಡನೆ ಸೈಕಲ್ಲುಗಳ ಪ್ರವಾಹವೇ ಹೊರಡುತ್ತಿತ್ತು. ಹ್ಯಾಂಡಲಿಗೆ ಬುತ್ತಿಯ ಡಬ್ಬಿ, ಹಿಂದೆ ಕಟ್ಟಿದ ಸೌದೆಯ ತುಂಡು, ಮುಖದಲ್ಲಿ ಮಸಿ. ಈಗ ಕಾಗದದ ಕಾರ್ಖಾನೆ ನಿಂತಿದೆ; ಕಬ್ಬಿಣದ ಕಾರ್ಖಾನೆಯಲ್ಲಿ ಆ ಕಾಲದ ಜನಸಂದಣಿಯಿಲ್ಲ. ಆ ಸಂಜೆಗಳ ಹತ್ತು ಹದಿನೈದು ನೆಗೆಟಿವುಗಳು ನನ್ನಲ್ಲಿವೆ. ಚಿತ್ರಕಲೆಯ ದೃಷ್ಟಿಯಿಂದ ಅವು ಸಾಧಾರಣ.

ಚಿತ್ರ ತೆಗೆದ ಮೇಲೆ ಹೆಸರು ಬರೆದುಕೊಳ್ಳುವುದು ಮೊದಲಿನಿಂದಲೂ ನನ್ನ ಪದ್ಧತಿ. ಇದು ಕಲೆಗಾರನ ಗುಣವಲ್ಲ, ಹಾಜರಿ ಕೂಗುವವನ ಚಾಳಿ. ಸುರುಳಿಯ ಸಂಖ್ಯೆ, ಚಿತ್ರದ ಸಂಖ್ಯೆ, ತಾರೀಖು, ಊರು, ಬೆಳಕು, ಎಡದಿಂದ ಬಲಕ್ಕೆ ಹೆಸರು, ತಂದೆಯ ಹೆಸರು. ಹೀಗೆ ಹನ್ನೊಂದು ನೋಟುಪುಸ್ತಕಗಳು ತುಂಬಿವೆ. ಗೆಳೆಯರು ನಗುತ್ತಿದ್ದರು, ಪೋಲೀಸು ಠಾಣೆಯ ದಫ್ತರವೆಂದು ಹಾಸ್ಯ ಮಾಡುತ್ತಿದ್ದರು.

2014ರ ಮಹಾಲಯ ಅಮಾವಾಸ್ಯೆಗೆ ಹತ್ತು ಹದಿನೈದು ದಿನಗಳ ಮುಂಚೆ ಚನ್ನಗಿರಿಯ ಕಡೆಯಿಂದ ನಲವತ್ತರ ಆಚೀಚೆಯ ಹೆಂಗಸೊಬ್ಬಳು ನಮ್ಮ ಮನೆಯನ್ನು ಹುಡುಕಿಕೊಂಡು ಬಂದಳು. ಅವಳ ತಂದೆ ಕೂಡಲಿಯಲ್ಲಿ ತೆಪ್ಪ ನಡೆಸುತ್ತಿದ್ದವನು. ನೀರಿನ ಮೇಲೆ ಬಾಳಿದವನು ನೀರಿನಿಂದ ಸಾಯಲಿಲ್ಲ. ಇವಳಿಗೆ ನಾಲ್ಕು ವರ್ಷವಾಗಿದ್ದಾಗ ಜ್ವರದಿಂದ ತೀರಿಕೊಂಡ. “ಅಪ್ಪಂದೊಂದು ಪಟ ನಿಮ್ತಾವ ಐತಂತೆ ಮೇಷ್ಟ್ರೆ, ನಮ್ಮ ಅತ್ತೆ ಹೇಳಿದ್ಲು. ನನಗೆ ಅವನ ಮುಖ ಗ್ಯಾನ ಇಲ್ಲ. ಹಿರಿಯರ ಹಬ್ಬಕ್ಕೆ ಎಲ್ಲರ ಮನೇಲೂ ಪಟ ಇಟ್ಟು ಎಡೆ ಇಡ್ತಾರೆ. ನಾವು ಬರೀ ಕಳಸ ಇಡ್ತೀವಿ” ಎಂದಳು. ಅತ್ತೆಯೆಂದರೆ ತಂದೆಯ ತಂಗಿ. ಚಿತ್ರ ತೆಗೆದ ದಿನ ಆಕೆ ದಡದ ಮೇಲೆ ಬಟ್ಟೆ ಒಗೆಯುತ್ತಿದ್ದಳಂತೆ.

ನೋಟುಪುಸ್ತಕ ಬಾಯಿಬಿಟ್ಟಿತು. 1979, ನವೆಂಬರು, ಕೂಡಲಿ, ತೆಳುಮೋಡ, ತೆಪ್ಪದಲ್ಲಿ ಇಬ್ಬರು, ಬಲಗಡೆ ಇವಳ ತಂದೆಯ ಹೆಸರು. ಕ್ಲಿಕ್ ಥ್ರೀಯಲ್ಲಿ ತೆಗೆದದ್ದು. ಬೀರುವಿನ ಕೆಳಗಿನ ಅಂತಸ್ತಿನಿಂದ ಆ ಹಾಳೆಯನ್ನು ತೆಗೆದು ಬೆಳಕಿಗೆ ಹಿಡಿದಾಗ ನನ್ನ ಎದೆ ಕುಸಿಯಿತು. ಮೂವತ್ತೈದು ಮಳೆಗಾಲಗಳ ಬೂಷ್ಟು ಆಕಾಶವನ್ನೆಲ್ಲ ತಿಂದು, ಎಡಗಡೆಯವನ ಭುಜವನ್ನು ತಿಂದು, ಬಲಗಡೆಯವನ ರುಮಾಲಿನವರೆಗೆ ಬಂದು ನಿಂತಿತ್ತು. ಮುಖವೆಂದರೆ ನೆಗೆಟಿವಿನಲ್ಲಿ ಒಂದು ಕಡಲೆಬೇಳೆಯಷ್ಟು. ಬೂಷ್ಟು ಹಿಡಿದ ಫಿಲ್ಮಿಗೆ ನೀರು ತಾಗಿಸಲಾಗದು. ಬೂಷ್ಟು ತಿಂದ ಜೆಲಟಿನ್ನು ನೀರಿನಲ್ಲಿ ಕರಗಿಬಿಡುವ ಭಯವಿದೆ. ಔಷಧದ ಅಂಗಡಿಯಿಂದ ಐಸೋಪ್ರೊಪೈಲ್ ಆಲ್ಕೊಹಾಲು ತರಿಸಿ, ಹತ್ತಿಯ ತುದಿಯಿಂದ ಅಂಚಿನಿಂದ ಒಳಕ್ಕೆ, ಒಂದು ಸಂಜೆಗೆ ಇಷ್ಟಿಷ್ಟೇ ಒರೆಸಿದೆ. ನಾಲ್ಕು ಸಂಜೆ ಹಿಡಿಯಿತು. ರುಮಾಲಿನ ಒಂದು ಮೂಲೆ ಹೋಯಿತು. ಹುಬ್ಬು, ಕಣ್ಣು, ಮೀಸೆ, ನಗುವಿಗೆ ಮುಂಚಿನ ತುಟಿ ಉಳಿದುವು.

ಆ ಪುಟ್ಟ ಪೆಟ್ಟಿಗೆಯ ಸಾದಾ ಮಸ, ಅದರ ಮೇಲೆ ಕಡಲೆಬೇಳೆಯನ್ನು ಅಂಗೈಯಷ್ಟು ಮಾಡುವುದು. ಚಿತ್ರ ಮೃದುವಾಗಿಯೇ ಬಂದಿತು. ಸ್ಪರ್ಧೆಗೆ ಕಳುಹಿಸಿದ್ದರೆ ತೀರ್ಪುಗಾರರು ಪಕ್ಕಕ್ಕೆ ಎಸೆಯುತ್ತಿದ್ದರು. ಅವಳು ಅದನ್ನು ಎರಡು ಕೈಯಲ್ಲಿಯೂ ಹಿಡಿದುಕೊಂಡು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ನನ್ನ ಎರಡನೇ ಮಗನ ಹುಬ್ಬು ಇದೇ” ಎಂದಳು. ಕಾಫಿ ತಂದ ನನ್ನ ಪತ್ನಿ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು.

ಎಲ್ಲರಿಗೂ ಹೀಗೆ ಒದಗಲಿಲ್ಲ. ಊರಿನಲ್ಲಿ ಸುದ್ದಿ ಹರಡಿದ ಮೇಲೆ ಗಾರೆ ಕೆಲಸದವನೊಬ್ಬನ ಮಕ್ಕಳು ಬಂದರು. ಅವರ ತಂದೆಯ ಹೆಸರು ಪುಸ್ತಕದಲ್ಲಿತ್ತು, 1978ರ ಸುರುಳಿಯಲ್ಲಿ. ನೆಗೆಟಿವನ್ನು ತೆಗೆದು ನೋಡಿದರೆ ಕೈ ಇತ್ತು, ಕೈಯಲ್ಲಿ ಕರಣೆಯಿತ್ತು, ಕತ್ತಿನ ಮೇಲೆ ಬರಿಯ ಬಲೆ. ಆ ಕೈಯನ್ನೇ ದೊಡ್ಡದು ಮಾಡಿಕೊಡೆಂದು ಕೇಳಿದರು. ಮಾಡಿಕೊಟ್ಟೆ.

ಅಂದಿನ ರಾತ್ರಿ ಊಟಕ್ಕೆ ಕುಳಿತಾಗ ಪತ್ನಿ ಕೇಳಿದಳು: “ಒಟ್ಟು ಎಷ್ಟಿವೆ?” ಆರು ಸಾವಿರಕ್ಕೆ ಕಡಮೆಯಿಲ್ಲವೆಂದೆ. ಎಲ್ಲವನ್ನೂ ಡಿಜಿಟಲ್ ಕ್ಯಾಮರಾದಲ್ಲಿ ಪ್ರತಿ ಮಾಡಿಡಬೇಕೆಂಬ ಯೋಚನೆ ನನಗೆ ಬಂದಿತ್ತು. ಕೂಡಲಿಯ ದೇವಾಲಯ, ಭದ್ರಾವತಿಯ ಶಿಲ್ಪ, ಸಂಗಮದ ಬಣ್ಣ, ಹೀಗೆ ಉತ್ತಮವಾದುವನ್ನು ಮೊದಲು ಆರಿಸುತ್ತೇನೆಂದೆ. ಆಕೆ ಸಾರು ಬಡಿಸುತ್ತ, “ಗುಡಿಗಳ ಫೋಟೋ ಬೇರೆ ಯಾರೂ ತೆಗೆದಿಲ್ಲವೆ?” ಎಂದಳು.

ತೆಗೆದಿದ್ದಾರೆ, ಬಹಳ ಹಿಂದೆಯೇ ತೆಗೆದಿದ್ದಾರೆ. ಕಂಪೆನಿ ಸರ್ಕಾರದ ಕಾಲದಲ್ಲಿ, 1850ರ ದಶಕದಲ್ಲಿಯೇ, ಬಿಗ್ಸ್ ಎಂಬ ಸೈನ್ಯಾಧಿಕಾರಿ, ಪಿಗೂ ಎಂಬ ವೈದ್ಯ ಭಾರವಾದ ಯಂತ್ರಗಳನ್ನು ಹೊರಿಸಿಕೊಂಡು ನಮ್ಮ ನಾಡಿನ ದೇವಾಲಯಗಳನ್ನು ಸುತ್ತಿದರು. ಅವರ ಚಿತ್ರಗಳಿಂದ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮುಂದೆ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯವರು, ವಿಶೇಷವಾಗಿ ಆರ್. ನರಸಿಂಹಾಚಾರ್ಯರ ಕಾಲದಲ್ಲಿ, ವರ್ಷವರ್ಷವೂ ವರದಿಗಳಲ್ಲಿ ದೇವಾಲಯಗಳ ಚಿತ್ರಗಳನ್ನು ಅಚ್ಚುಹಾಕಿಸಿದರು. ಹಳೇಬೀಡಿನ ಗೋಡೆ ನೂರೆಪ್ಪತ್ತು ವರ್ಷದ ಹಿಂದೆ ಹೇಗಿತ್ತೆಂದು ಇಂದೂ ನೋಡಬಹುದು. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸಿದೆ.

“ಹಾಗಾದರೆ ಕಲ್ಲು ಕಾದುಕೊಂಡಿರುತ್ತದೆ. ಆ ತೆಪ್ಪದವನ ಫೋಟೋವನ್ನು ಯಾವ ದೊರೆ ತೆಗೆಸಿದ್ದ? ಮುಖಗಳನ್ನು ಮೊದಲು ಮಾಡಿ” ಎಂದು ಆಕೆ ಮಜ್ಜಿಗೆ ತರಲು ಎದ್ದಳು.

ಇದಕ್ಕೆ ಎದುರು ಹೇಳುವ ತರ್ಕ ನನಗೆ ಇದುವರೆಗೆ ಹೊಳೆದಿಲ್ಲ. ಕೆಲಸ ಅದೇ ಕ್ರಮದಲ್ಲಿ ನಡೆದಿದೆ. ಬಿಳಿಯ ಬೆಳಕಿನ ಒಂದು ಹಲಗೆ, ಅದರ ಮೇಲೆ ಹಾಲುಗಾಜು, ಮೇಲೆ ನೆಗೆಟಿವು, ಅದಕ್ಕೆ ನೇರವಾಗಿ ಕೆಳಮುಖವಾಗಿ ನಿಲ್ಲಿಸಿದ ನಿಕಾನ್ ಕ್ಯಾಮರಾ. ತೆಗೆದ ಚಿತ್ರವನ್ನು ಗಣಕಯಂತ್ರದಲ್ಲಿ ಕಪ್ಪನ್ನು ಬಿಳಿ ಮಾಡಿ, ಬಿಳಿಯನ್ನು ಕಪ್ಪು ಮಾಡಿ ತಿರುಗಿಸಿದರೆ ಮುಗಿಯಿತು. ದಿನಕ್ಕೆ ಹತ್ತರಿಂದ ಹದಿನೈದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಹೆಚ್ಚು ಹೊತ್ತು ಕುಳಿತುಕೊಳ್ಳಕೂಡದೆಂದು ವೈದ್ಯರ ಕಟ್ಟಳೆ. ಒಂದೊಂದು ಮುಖಕ್ಕೂ ಎರಡು ಕಾಗದದ ಪ್ರತಿ ತೆಗೆಸುತ್ತೇನೆ. ಒಂದು ಆ ಮನೆಗೆ, ಒಂದು ನಮ್ಮ ಡಬ್ಬಿಗೆ. ಮಗ ದೂರದ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಎಲ್ಲವನ್ನೂ ಆಕಾಶದಲ್ಲಿರುವ ಯಾವುದೋ ಉಗ್ರಾಣದಲ್ಲಿ ಇಡಬಹುದೆಂದು ಹೇಳಿ ಒಂದು ಪ್ರತಿಯನ್ನು ಅಲ್ಲಿಯೂ ಇಟ್ಟಿದ್ದಾನೆ. ಒಳ್ಳೆಯದೇ. ಆದರೆ ಚನ್ನಗಿರಿಯ ಆ ಹೆಂಗಸು ಬಂದು ಬಾಗಿಲು ತಟ್ಟಬೇಕಾದರೆ ಬಾಗಿಲು ಭೂಮಿಯ ಮೇಲೆ ಇರಬೇಕಷ್ಟೆ.

ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಒಂದೆರಡು ಮಾತುಗಳನ್ನು ಸೇರಿಸುತ್ತೇನೆ. ಅಂಟಿನ ಹಾಳೆಗೆ ಪಾರದರ್ಶಕ ಹೊದಿಕೆಯಿರುವ ಆಲ್ಬಮ್ಮುಗಳು ಒಂದು ಕಾಲಕ್ಕೆ ಮನೆಮನೆಗೂ ಬಂದುವು. ಆ ಅಂಟು ಕ್ರಮೇಣ ಚಿತ್ರವನ್ನು ಹಳದಿಗೊಳಿಸುತ್ತದೆ, ಕೀಳಲು ಹೋದರೆ ಹರಿಯುತ್ತದೆ. ಅಂಥ ಆಲ್ಬಮ್ಮಿನಲ್ಲಿ ನಿಮ್ಮ ಮದುವೆಯ ಚಿತ್ರಗಳಿದ್ದರೆ ಕೀಳುವ ಮೊದಲು ಹಾಳೆ ಹಾಳೆಯಾಗಿಯೇ ಪ್ರತಿ ತೆಗೆಸಿಡಿ. ಎಂಬತ್ತು ತೊಂಬತ್ತರ ದಶಕದ ಬಣ್ಣದ ಚಿತ್ರಗಳು ಗೋಡೆಯ ಮೇಲೆ ಬೆಳಕಿಗೆ ಮಾಸುತ್ತಿವೆ; ಅವಕ್ಕಿಂತ ಹಳೆಯ, ಚೆನ್ನಾಗಿ ತೊಳೆದ ಕಪ್ಪುಬಿಳುಪಿನ ಚಿತ್ರಗಳೇ ಗಟ್ಟಿ. ಚಿತ್ರದ ಹಿಂಬದಿಗೆ ಪೆನ್ನಿನಿಂದಲ್ಲ, ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ‘ಅಜ್ಜಿ’ ಎಂದು ಬರೆದರೆ ಸಾಲದು. ಯಾರ ಅಜ್ಜಿಯೆಂಬುದು ಮೂರನೆಯ ತಲೆಗೆ ಗೊತ್ತಾಗುವುದಿಲ್ಲ. ಕಿಸೆಯ ಫೋನಿನಲ್ಲಿ ಸಾವಿರಾರು ಚಿತ್ರಗಳಿರುವ ಮನೆಯಲ್ಲಿ ಗೋಡೆಗೆ ತೂಗುಹಾಕಲು ಒಂದೂ ಇಲ್ಲದಿರುವುದನ್ನು ಈಚೆಗೆ ಎಷ್ಟೋ ಕಡೆ ಕಂಡಿದ್ದೇನೆ. ಸಾವಿನ ಮನೆಯಿಂದ ಯಾರೋ ಓಡಿಬಂದು, ಗುಂಪಿನ ಚಿತ್ರದಲ್ಲಿ ಅರ್ಧ ಮುಖ ಕಾಣುವ ಫೋನನ್ನು ಮುಂದೆ ಹಿಡಿದು, ಸಂಜೆಯೊಳಗೆ ದೊಡ್ಡದು ಮಾಡಿಕೊಡಿರೆಂದು ಕೇಳುತ್ತಾರೆ.

ಈಗ 1983ರವರೆಗೆ ಬಂದಿದ್ದೇನೆ. ಕಳೆದ ವಾರದ ಸುರುಳಿಯಲ್ಲಿ ಮೂವರು ಹುಡುಗರು ಭದ್ರೆಯಲ್ಲಿ ಎಮ್ಮೆಯ ಮೈ ತೊಳೆಯುತ್ತಿರುವ ಚಿತ್ರ ಸಿಕ್ಕಿತು. ಸೇತುವೆಯ ಮೇಲಿನಿಂದ ತೆಗೆದದ್ದಾದ್ದರಿಂದ ಪುಸ್ತಕದಲ್ಲಿ ಹೆಸರುಗಳಿಲ್ಲ. ನಡುವಿನವನು ಈಗ ದಿನಸಿ ಅಂಗಡಿ ಇಟ್ಟಿದ್ದಾನೆ, ಅವನೇ ಗುರುತು ಹಿಡಿದ. ಬಲಗಡೆಯವನು ಅವನ ಅಣ್ಣ. ಎಡಗಡೆಯ ಹುಡುಗ ಎಮ್ಮೆಯ ಕೊಂಬು ಹಿಡಿದು ಬಾಯ್ತುಂಬ ನಗುತ್ತಿದ್ದಾನೆ. ಅವನು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ. ನನ್ನ ಪತ್ನಿ ಆ ಪ್ರತಿಯನ್ನು ತರಕಾರಿಯ ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಲ್ಕು ದಿನಗಳಿಂದ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿ ವಿಚಾರಿಸುತ್ತಿದ್ದಾಳೆ.